ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆಗೆಯಿರಿ: ನಮ್ಮ ತಾಲೂಕಿನ ಹೈಸ್ಕೂಲುಗಳಿಗೆ ಲ್ಯಾಬ್ ಟೆಕ್ನಿಷಿಯನ್ ಒಬ್ಬಳ ಬಹಿರಂಗ ಪತ್ರ

ಮಾನ್ಯ ಮುಖ್ಯ ಶಿಕ್ಷಕರಿಗೆ, ಎಲ್ಲ ಶಿಕ್ಷಕ ಶಿಕ್ಷಕಿಯರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್. ಮೊದಲ 8 ವರ್ಷ ಒಂದು ಮೆಡಿಕಲ್ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗದಲ್ಲಿದ್ದೆ. ಆಮೇಲಿನ 14 ವರ್ಷ ಈ ತಾಲೂಕಿನಲ್ಲೇ ಕಳೆದಿವೆ. ನಿಮ್ಮಲ್ಲಿ ಹಲವರ ಶುಗರ್ ರಿಪೋರ್ಟು ನನ್ನ ಕೈಯಿಂದಲೇ ಬಂದಿರುತ್ತದೆ.

ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಜುಲೈ ಹೊತ್ತಿಗೆ ನನ್ನ ಕಿಟಕಿಯ ಮುಂದೆ ಯೂನಿಫಾರ್ಮ್ ಹಾಕಿದ ಹುಡುಗಿಯರು ನಿಲ್ಲತೊಡಗುತ್ತಾರೆ. ಹಿಂದೆ ಅಮ್ಮ ಇರುತ್ತಾಳೆ. ಮೂತ್ರದ ಸೋಂಕಿನ ಅನುಮಾನ, ಚೀಟಿಯಲ್ಲಿ ಯೂರಿನ್ ಟೆಸ್ಟ್ ಎಂದು ಬರೆದಿರುತ್ತದೆ. ಬಾಟಲಿ ಕೊಡುವಾಗ ಹುಡುಗಿ ನೆಲ ನೋಡುತ್ತಾಳೆ. ಬೇಸಿಗೆ ರಜೆಯಲ್ಲಿ ಬಿಸಿಲು ಇನ್ನೂ ಜಾಸ್ತಿ ಇರುತ್ತದೆ. ಆದರೆ ಆಗ ಈ ವಯಸ್ಸಿನ ಹುಡುಗಿಯರು ಇಷ್ಟು ಬರುವುದಿಲ್ಲ. ಇದು ಅಧ್ಯಯನ ಅಲ್ಲ, ನನ್ನ ಕಣ್ಣಳತೆ. ಆದರೂ ವರ್ಷ ವರ್ಷ ಅದೇ ಕಂಡಾಗ ಸುಮ್ಮನಿರಲು ಆಗಲಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು, ಹೆಸರು ಬಿಟ್ಟಿದ್ದೇನೆ. 9ನೇ ತರಗತಿ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮನೆ ಬಿಡುತ್ತಾಳೆ. ಸಂಜೆ ಐದೂವರೆಗೆ ಮನೆ ಸೇರುತ್ತಾಳೆ. ನಡುವೆ ಹತ್ತು ಗಂಟೆ. ನಾನು ಕೇಳಿದೆ, "ಸ್ಕೂಲಲ್ಲಿ ಒಂದಕ್ಕೆ ಹೋಗಲ್ವೇನಮ್ಮ?"

"ಬೀಗ ಹಾಕಿರ್ತಾರೆ ಆಂಟಿ. ಕೀಲಿ ಸ್ಟಾಫ್ ರೂಮಲ್ಲಿರುತ್ತೆ. ಸಾರ್ ಹತ್ರ ಕೇಳೋಕೆ ನಾಚಿಕೆ."

"ಮತ್ತೆ ನೀರು?"

"ಕುಡಿಯಲ್ಲ. ಕುಡಿದ್ರೆ ಬರುತ್ತಲ್ಲ."

ಮೊದಲ ಸಲ ಮೂತ್ರ ಮಾಡುವಾಗ ಉರಿ ಬಂದಾಗ ಮನೆಯಲ್ಲಿ ಬಾರ್ಲಿ ನೀರು ಕೊಟ್ಟು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು. ಎರಡು ದಿನಕ್ಕೆ ಕಡಿಮೆಯಾಯಿತು. ಎರಡನೇ ಸಲ ಮೆಡಿಕಲ್ ಶಾಪಿನಿಂದ ಮಾತ್ರೆ ತಂದರು. ಉರಿ ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸಿದರು. ಮೂರನೇ ಸಲ ಅದೇ ಮಾತ್ರೆ ಕೆಲಸ ಮಾಡಲಿಲ್ಲ. ನಾಲ್ಕನೇ ದಿನ ಚಳಿ ನಡುಕದ ಜ್ವರ, ವಾಂತಿ, ಬಲಗಡೆ ಬೆನ್ನಿನಲ್ಲಿ ಮುಟ್ಟಿದರೆ ನೋವು. ಅಡ್ಮಿಟ್ ಮಾಡಿ ಇಂಜೆಕ್ಷನ್ ಕೊಡಬೇಕಾಯಿತು. ಸೋಂಕು ಮೂತ್ರಕೋಶದಿಂದ ಮೇಲೆ ಹತ್ತಿ ಕಿಡ್ನಿಗೆ ಹೋಗಿತ್ತು. ನಿಮ್ಮ ಹಾಜರಿ ಪುಸ್ತಕದಲ್ಲಿ ಆ ವಾರದ ಎದುರು "ಜ್ವರ" ಅಂತಲೋ "ಹೊಟ್ಟೆನೋವು" ಅಂತಲೋ ಇರಬಹುದು. ಮನೆಯವರು ಅದಕ್ಕಿಂತ ಜಾಸ್ತಿ ಹೇಳಿರುವುದಿಲ್ಲ.

ಆ ಹುಡುಗಿಯ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಮದುವೆ ಆಗದೆ ಇರೋ ಹುಡುಗಿಗೆ ಇದು ಯಾಕೆ ಬಂತು ಮೇಡಂ?" ಈ ಪ್ರಶ್ನೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವು ಮನೆಗಳಲ್ಲಿ ಈ ಅನುಮಾನದಿಂದಲೇ ಹುಡುಗಿಯನ್ನು ಬೈದಿರುತ್ತಾರೆ. ಆ ಭಯಕ್ಕೇ ಎಷ್ಟೋ ಮಕ್ಕಳು ಉರಿ ಬಂದರೆ ಹೇಳುವುದಿಲ್ಲ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೂತ್ರದ ಸೋಂಕು ಹಾಲು ಕುಡಿಯುವ ಕೂಸಿಗೆ ಬರುತ್ತದೆ, 80 ವರ್ಷದ ಅಜ್ಜಿಗೂ ಬರುತ್ತದೆ. ಹೊಸದಾಗಿ ಮದುವೆಯಾದವರಲ್ಲಿ ಜಾಸ್ತಿ ಬರುವುದು ನಿಜ. ಕೂಡುವಾಗ ಹೊರಗಿನ ಚರ್ಮದ ಮೇಲಿರುವ ರೋಗಾಣು ಒಳಗೆ ಸರಿಯಲು ದಾರಿ ಸುಲಭವಾಗುತ್ತದೆ, ಅಷ್ಟೆ. ಆದರೆ ಸೋಂಕು ಬರಲು ಅದು ಬೇಕೇ ಬೇಕು ಅಂತೇನಿಲ್ಲ. ಇದು ನಡತೆಯ ಕಾಯಿಲೆ ಅಲ್ಲ. ಜೀವಶಾಸ್ತ್ರ ಕಲಿಸುವ ಶಿಕ್ಷಕಿಯರು ಇದೊಂದು ಮಾತನ್ನು ಹುಡುಗಿಯರ ಮುಂದೆ ಗಟ್ಟಿಯಾಗಿ ಹೇಳಿದರೂ ದೊಡ್ಡ ಉಪಕಾರ.

ಹಾಗಾದರೆ ರೋಗಾಣು ಎಲ್ಲಿಂದ ಬರುತ್ತದೆ? ಮುಕ್ಕಾಲು ಪಾಲಿಗಿಂತ ಹೆಚ್ಚು ಸೋಂಕುಗಳಿಗೆ ಕಾರಣ ಇ. ಕೊಲೈ ಎಂಬ ಒಂದೇ ಬ್ಯಾಕ್ಟೀರಿಯಾ. 1885ರಲ್ಲಿ ಥಿಯೊಡೋರ್ ಎಶೆರಿಕ್ ಎಂಬ ಜರ್ಮನ್ ಮಕ್ಕಳ ವೈದ್ಯ ಇದನ್ನು ಕೂಸುಗಳ ಮಲದಲ್ಲಿ ಕಂಡುಹಿಡಿದರು. ಅವರ ಹೆಸರೇ ಅದಕ್ಕೆ ಉಳಿಯಿತು. ಇದು ನಮ್ಮ ಕರುಳಿನಲ್ಲಿ ಸದಾ ಇರುವಂಥದ್ದು. ಅಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮೂತ್ರದ ದಾರಿಗೆ ಬಂದರೆ ತೊಂದರೆ. ಶಾಲೆಯ ಶೌಚಾಲಯದಲ್ಲಿ ಕೂತರೆ ಅಲ್ಲಿನ ಕೊಳೆಯಿಂದ ಸೋಂಕು ಹತ್ತುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. ರೋಗಾಣು ನಮ್ಮ ಮೈಯದೇ. ಕೊಳಕು ಶೌಚಾಲಯದಿಂದ ಆಗುವ ದೊಡ್ಡ ಕೆಡುಕು ಬೇರೆ: ಅದಕ್ಕೆ ಹೆದರಿ ಮಕ್ಕಳು ಹೋಗುವುದನ್ನೇ ಬಿಡುತ್ತಾರೆ.

ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್. ಒಂದು ಬೆಂಕಿಕಡ್ಡಿಯಷ್ಟು ಉದ್ದ. ಗಂಡಸರಲ್ಲಿ ಅದು 18ರಿಂದ 20 ಸೆಂಟಿಮೀಟರ್. ಮಲದ್ವಾರಕ್ಕೂ ಮೂತ್ರದ್ವಾರಕ್ಕೂ ಹೆಣ್ಣಿನಲ್ಲಿ ಅಂತರವೂ ಕಡಿಮೆ. ತೊಳೆಯುವಾಗ ಹಿಂದಿನಿಂದ ಮುಂದಕ್ಕೆ ಕೈ ಬಂದರೆ ರೋಗಾಣುವನ್ನು ನಾವೇ ಬಾಗಿಲಿಗೆ ತಂದು ಬಿಟ್ಟ ಹಾಗೆ. ಒಟ್ಟು ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರಲು ಈ ರಚನೆಯೇ ಮುಖ್ಯ ಕಾರಣ.

ಇ. ಕೊಲೈ ಮೈಮೇಲೆ ಸಣ್ಣ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ. ಹೊಲದಲ್ಲಿ ನಡೆದು ಬಂದರೆ ಉತ್ತರಾಣಿ ಬೀಜ ಸೀರೆಯಂಚಿಗೆ ಹಿಡಿದಿರುತ್ತದಲ್ಲ, ಹಾಗೆ ಇವು ಮೂತ್ರಕೋಶದ ಗೋಡೆಗೆ ಅಂಟುತ್ತವೆ. ಅಂಟುವ ಮೊದಲೇ ಅವನ್ನು ತೊಳೆದು ಹೊರಗೆ ಹಾಕುವುದು ಮೂತ್ರವೇ. ಪ್ರತಿ ಸಲ ಹೋದಾಗಲೂ ಒಳಗೆ ಒಂದು ಸಲ ನೀರು ಹೊಯ್ದು ತೊಳೆದಂತೆ. ಹರಿಯುವ ನೀರಿಗೆ ಪಾಚಿ ಕಟ್ಟುವುದಿಲ್ಲ ಅಲ್ವಾ?

ಈಗ ಹತ್ತು ಗಂಟೆ ತಡೆದುಕೊಂಡರೆ ಏನಾಗುತ್ತದೆ ನೋಡಿ. ಅನುಕೂಲವಾದ ಬಿಸಿ, ಆಹಾರ ಸಿಕ್ಕರೆ ಈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಇದ್ದದ್ದು ಒಂದು ಗಂಟೆಗೆ 8, ಎರಡು ಗಂಟೆಗೆ 64, ಐದು ಗಂಟೆಗೆ 32,768. ಗಣಿತದ ಮೇಷ್ಟ್ರು ಹತ್ತು ಗಂಟೆಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಬಹುದು, 100 ಕೋಟಿ ದಾಟುತ್ತದೆ. ಮೂತ್ರಕೋಶದೊಳಗೆ ಇಷ್ಟು ವೇಗ ಇರುವುದಿಲ್ಲ. ಮೈಗೆ ತನ್ನದೇ ಕಾವಲಿದೆ. ಅದಕ್ಕೇ ತಡೆದುಕೊಂಡ ಎಲ್ಲರಿಗೂ ಸೋಂಕು ಬರುವುದಿಲ್ಲ. ಆದರೆ ನೀರು ಕುಡಿಯದೆ, ದಿನಾ ಹತ್ತು ಗಂಟೆ ತಡೆದು, ವರ್ಷವಿಡೀ ಹೀಗೇ ನಡೆದರೆ ಆ ಕಾವಲುಗಾರ ಎಷ್ಟು ದಿನ ಎಚ್ಚರ ಇರಬೇಕು?

ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ಮಲಬದ್ಧತೆ. ಒಂದಕ್ಕೆ ತಡೆಯುವ ಮಗು ಎರಡಕ್ಕೂ ತಡೆಯುತ್ತದೆ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ. ಕರುಳು ತುಂಬಿಕೊಂಡು ಮೂತ್ರಕೋಶವನ್ನು ಒತ್ತುತ್ತದೆ. ಆಗ ಮೂತ್ರ ಪೂರ್ತಿ ಖಾಲಿಯಾಗದೆ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ಉಳಿದದ್ದರಲ್ಲಿ ರೋಗಾಣು ಬೆಳೆಯುತ್ತದೆ. ಮಕ್ಕಳಲ್ಲಿ ಪದೇಪದೇ ಸೋಂಕು ಬರುತ್ತಿದ್ದರೆ ಡಾಕ್ಟರು ಮೊದಲು ಕೇಳುವುದು "ದಿನಾ ಹೊಟ್ಟೆ ಸರಿಯಾಗಿ ಹೋಗುತ್ತಾ" ಅಂತ. ಅದು ಸರಿಹೋದರೆ ಎಷ್ಟೋ ಮಕ್ಕಳಿಗೆ ಸೋಂಕೂ ಕಡಿಮೆಯಾಗುತ್ತದೆ. ಅವಸರದಲ್ಲಿ ಅರ್ಧಕ್ಕೇ ಎದ್ದು ಬಂದರೂ ಇದೇ ಕಥೆ. ಚಿಲಕ ಇಲ್ಲದ ಬಾಗಿಲನ್ನು ಗೆಳತಿ ಹೊರಗಿನಿಂದ ಎಳೆದು ಹಿಡಿದಿರುವಾಗ, "ಬೇಗ ಬಾರೇ, ಬೆಲ್ ಆಯ್ತು" ಎಂದು ಕೂಗುತ್ತಿರುವಾಗ, ಯಾವ ಮಗು ನೆಮ್ಮದಿಯಾಗಿ ಪೂರ್ತಿ ಹೋಗಿ ಬರುತ್ತದೆ?

ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಕಿಡ್ನಿಯಲ್ಲಿ ಕಲ್ಲು ಇರುವವರು, ಪ್ರಾಸ್ಟೇಟ್ ದೊಡ್ಡದಾದ ಹಿರಿಯರು, ಮೂತ್ರದ ನಳಿಕೆ (ಕ್ಯಾಥೆಟರ್) ಹಾಕಿಸಿಕೊಂಡವರು, ಇವರಲ್ಲೂ ಈ ಸೋಂಕು ಜಾಸ್ತಿ. ಗಂಡುಮಕ್ಕಳಿಗೂ ಬರುತ್ತದೆ. ಆ ವಯಸ್ಸಿನಲ್ಲಿ ಕಡಿಮೆ, ಆದರೆ ಬಂದರೆ ಒಳಗೆ ಬೇರೇನಾದರೂ ತೊಂದರೆ ಇದೆಯೇ ಎಂದು ಡಾಕ್ಟರು ನೋಡಬೇಕಾಗುತ್ತದೆ. ಅದು ಆಸ್ಪತ್ರೆಯ ಮಾತು. ನಿಮ್ಮ ಕೈಯಲ್ಲಿರುವ ಮಾತಿಗೆ ಬರುತ್ತೇನೆ.

ಬಿಡುವು 10 ನಿಮಿಷ. ಶಾಲೆಯಲ್ಲಿ 120 ಹುಡುಗಿಯರು, ತೆರೆದಿರುವುದು ಎರಡು ಕೋಣೆ ಎಂದುಕೊಳ್ಳಿ. ಒಬ್ಬಳಿಗೆ ಎರಡು ನಿಮಿಷವಾದರೂ ಬೇಕು. ಹತ್ತು ನಿಮಿಷದಲ್ಲಿ ಹೋಗಿ ಬರಲು ಆಗುವುದು 10 ಹುಡುಗಿಯರಿಗೆ. ಉಳಿದ 110 ಜನ? ಬಿಡುವು ಮುಗಿದ ಮೇಲೆ ಕೈ ಎತ್ತಿದರೆ "ಈಗ ತಾನೇ ಇಂಟರ್‌ವೆಲ್ ಇತ್ತಲ್ಲ, ಆಗ ಏನು ಮಾಡ್ತಿದ್ದೆ?" ಎನ್ನುತ್ತೇವೆ. ನನ್ನ ಮೇಷ್ಟ್ರೂ ಹಾಗೇ ಅಂದಿದ್ದರು. ನಾನೂ ಕೈ ಇಳಿಸಿ ಕೂತಿದ್ದೆ.

ತರಗತಿಯಲ್ಲಿ ನಿಮಗೆ ಕಾಣುವ ಲಕ್ಷಣವೇ ಇದು. ಸೋಂಕಾದ ಮಗುವಿಗೆ ಅರ್ಧ ಗಂಟೆಗೊಮ್ಮೆ ಹೋಗಬೇಕು ಅನ್ನಿಸುತ್ತದೆ. ಹೋದರೆ ಬರುವುದು ನಾಲ್ಕು ಹನಿ. ಬರುವಾಗ ಉರಿ, ಬಂದ ಮೇಲೆ ಇನ್ನೂ ಇದೆ ಅನ್ನಿಸುವುದು. ನೋಡುವವರಿಗೆ ಅದು ಪಾಠ ತಪ್ಪಿಸಿಕೊಳ್ಳುವ ನೆಪದ ಹಾಗೆ ಕಾಣುತ್ತದೆ. ಹುಡುಗಿ ಕಾಲು ಬಿಗಿಹಿಡಿದು ಕೂರುತ್ತಾಳೆ. ಹೊಕ್ಕುಳ ಕೆಳಗೆ ನೋವು ಎನ್ನುತ್ತಾಳೆ. ಮೂತ್ರ ಕದಡಿದ ಹಾಗೆ ಇರಬಹುದು, ಕೆಟ್ಟ ವಾಸನೆ ಇರಬಹುದು, ಕೆಲವೊಮ್ಮೆ ಕೆಂಪಾಗಿರಬಹುದು. ಇಷ್ಟಾದರೆ ಸೋಂಕು ಇನ್ನೂ ಕೆಳಗೇ ಇದೆ ಎಂದು ತಿಳಿಯಬಹುದು. ಚಳಿ ನಡುಗಿಸುವ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನು ನೋವು, ವಾಂತಿ ಸೇರಿಕೊಂಡರೆ ಕಿಡ್ನಿಗೆ ತಲುಪಿರಬಹುದು. ಅಂಥ ಮಗುವನ್ನು ಅದೇ ದಿನ ಡಾಕ್ಟರ ಹತ್ತಿರ ಕಳಿಸಬೇಕು. ನಾಳೆ ನೋಡೋಣ ಎನ್ನುವುದು ಬೇಡ. ಮಕ್ಕಳ ಕಿಡ್ನಿಯಲ್ಲಿ ಸೋಂಕು ಬಂದು ಚಿಕಿತ್ಸೆ ತಡವಾದರೆ ಕೆಲವರಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆ ಜಾಸ್ತಿಯಾದರೆ ದೊಡ್ಡವರಾದ ಮೇಲೆ ಬಿಪಿ ತೊಂದರೆ ಬರಬಹುದು. ಅಂಗನವಾಡಿಯ ವಯಸ್ಸಿನ ಮಕ್ಕಳಂತೂ ಉರಿ, ನೋವು ಯಾವುದನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ. ಕಾರಣ ಗೊತ್ತಾಗದ ಜ್ವರ, ಊಟ ಬೇಡ ಎನ್ನುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಇಷ್ಟೇ ಸುಳಿವು.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, "ಉಷ್ಣ". ಹೀಟ್ ಆಗಿದೆ, ಎಳನೀರು ಕುಡಿ, ಕೊತ್ತಂಬರಿ ಬೀಜದ ಕಷಾಯ ಕುಡಿ, ಮಜ್ಜಿಗೆ ಕುಡಿ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ನೀರು ಕಡಿಮೆ ಕುಡಿದು ಮೂತ್ರ ದಟ್ಟವಾಗಿ ಉರಿಯುವುದೂ ಇದೆ. ಅಂಥ ಉರಿ ಎಳನೀರಿಗೆ, ಮಜ್ಜಿಗೆಗೆ ತಣಿಯುತ್ತದೆ. ಅವೆಲ್ಲ ಕೊನೆಗೆ ಹೊಟ್ಟೆಗೆ ನೀರು ಸೇರಿಸುವ ಉಪಾಯವೇ. ಅಮ್ಮಂದಿರ ತಿಳಿವಳಿಕೆ ಅಲ್ಲಿ ಸರಿಯಾಗೇ ಇದೆ. ಆದರೆ ಒಂದು ದಿನ ನೀರು ಚೆನ್ನಾಗಿ ಕುಡಿದ ಮೇಲೂ ಉರಿ ಇದ್ದರೆ ಅದು ಉಷ್ಣ ಅಲ್ಲ. ಬಿಳಿ ಸೆರಗು, ತುರಿಕೆ ಜೊತೆಗಿದ್ದರೆ ತೊಂದರೆ ಮೂತ್ರದ್ದಲ್ಲದೆ ಬೇರೆಯದೂ ಇರಬಹುದು. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿದ್ದರೆ ಕಲ್ಲಿರಬಹುದು. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೇ ಪರೀಕ್ಷೆ.

ಪರೀಕ್ಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ನನ್ನ ಕೆಲಸ. ಇಲ್ಲಿ ಆಗುವ ಎಡವಟ್ಟು ನನ್ನ ಕಣ್ಣಿಗೇ ಮೊದಲು ಬೀಳುತ್ತದೆ.

ಮನೆಯಿಂದ ಸ್ಯಾಂಪಲ್ ತರುವವರು ಕೈಗೆ ಸಿಕ್ಕ ಬಾಟಲಿಯಲ್ಲಿ ತರುತ್ತಾರೆ. ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ ತಂದರೆ ಅದರ ತಳದ ಸಕ್ಕರೆಗೆ ಮೂತ್ರದಲ್ಲಿ ಶುಗರ್ ಇದೆ ಎಂದು ಬರಬಹುದು. ಬೆಳಿಗ್ಗೆ ಆರಕ್ಕೆ ಹಿಡಿದು, ಬಸ್ಸಿನಲ್ಲಿ ಬಿಸಿಲಿಗೆ ಇಟ್ಟು, ಹನ್ನೊಂದಕ್ಕೆ ಕೊಟ್ಟರೆ ಒಳಗೆ ರೋಗಾಣು ಬೆಳೆದು ಲೆಕ್ಕವೇ ಬದಲಾಗಿರುತ್ತದೆ. ಆಗಲೇ ಹೇಳಿದ 20 ನಿಮಿಷದ ಲೆಕ್ಕ ನೆನಪಿದೆಯಲ್ಲ. ಆದ್ದರಿಂದ ಲ್ಯಾಬಿನಲ್ಲಿ ಕೊಡುವ ಮುಚ್ಚಳದ ಡಬ್ಬಿಯನ್ನೇ ಬಳಸಬೇಕು. ಕೈ ತೊಳೆದು, ಮೂತ್ರದ್ವಾರದ ಸುತ್ತ ಬರೀ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು. ಮೊದಲ ಧಾರೆಯನ್ನು ಕೆಳಗೆ ಬಿಡಬೇಕು. ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಕಬಾರದು. ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಮುಟ್ಟಿನ ದಿನವಾದರೆ ಅದನ್ನೂ ಹೇಳಬೇಕು, ಇಲ್ಲದಿದ್ದರೆ ಮೂತ್ರದಲ್ಲಿ ರಕ್ತ ಎಂದು ರಿಪೋರ್ಟಾಗುತ್ತದೆ.

ನಾನು ಮೊದಲು ಒಂದು ಪಟ್ಟಿ ಅದ್ದುತ್ತೇನೆ. ಸಣ್ಣ ಪ್ಲಾಸ್ಟಿಕ್ ಕಡ್ಡಿ, ಅದರ ಮೇಲೆ ಬಣ್ಣದ ಚೌಕಗಳು. ಒಂದು ಚೌಕ ಬಿಳಿ ರಕ್ತಕಣದ ಸುಳಿವು ಕೊಡುತ್ತದೆ. ಇನ್ನೊಂದು ನೈಟ್ರೈಟ್ ಎಂಬುದನ್ನು ತೋರಿಸುತ್ತದೆ. ಮೂತ್ರದಲ್ಲಿರುವ ನೈಟ್ರೇಟನ್ನು ಇ. ಕೊಲೈ ನೈಟ್ರೈಟ್ ಮಾಡುತ್ತದೆ. ಅದಕ್ಕೆ ಮೂತ್ರ ಒಳಗೆ ನಾಲ್ಕು ಗಂಟೆಯಾದರೂ ನಿಂತಿರಬೇಕು. ಅದಕ್ಕೇ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಎಲ್ಲ ರೋಗಾಣುಗಳೂ ಈ ಕೆಲಸ ಮಾಡುವುದಿಲ್ಲ. ಆದ್ದರಿಂದ ನೈಟ್ರೈಟ್ ಇಲ್ಲ ಎಂದರೆ ಸೋಂಕು ಇಲ್ಲ ಎಂದಲ್ಲ. ಆಮೇಲೆ ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಮೈಕ್ರೊಸ್ಕೋಪಿನಲ್ಲಿ ನೋಡುತ್ತೇನೆ. ಅಲ್ಲಿ ಕಾಣುವ ಬಿಳಿ ರಕ್ತಕಣಗಳೇ ರಿಪೋರ್ಟಿನಲ್ಲಿ ಪಸ್ ಸೆಲ್ಸ್ ಎಂದಿರುವುದು. ಒಂದು ನೋಟದಲ್ಲಿ 5ಕ್ಕಿಂತ ಜಾಸ್ತಿ ಕಂಡರೆ ಅನುಮಾನ. ಅದರ ಜೊತೆ ಎಪಿಥೀಲಿಯಲ್ ಸೆಲ್ಸ್ (ಚರ್ಮದ ಮೇಲ್ಪದರದ ಕಣಗಳು) ತುಂಬಾ ಇದ್ದರೆ ನನಗೆ ಗೊತ್ತಾಗುತ್ತದೆ, ಮೊದಲ ಧಾರೆ ಬಿಟ್ಟಿಲ್ಲ, ಚರ್ಮದ ಕೊಳೆ ಸೇರಿದೆ. ಮತ್ತೊಮ್ಮೆ ಕೊಡಮ್ಮ ಎನ್ನುತ್ತೇನೆ.

ಖಚಿತವಾಗಿ ಹೇಳುವುದು ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಅದನ್ನು ನಾವು ಜಿಲ್ಲೆಗೆ ಕಳಿಸುತ್ತೇವೆ. ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು ಮೂತ್ರ ಹಿಡಿಯುವ ಸಣ್ಣ ತಂತಿ ಬಳೆ ಇರುತ್ತದೆ. ಅದರಿಂದ ಆಹಾರ ತುಂಬಿದ ತಟ್ಟೆಯ ಮೇಲೆ ಗೆರೆ ಎಳೆದು 37 ಡಿಗ್ರಿ ಬಿಸಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಮೊದಲ ಸಲ ಬೆಳಿಗ್ಗೆ ಬಂದು ತಟ್ಟೆ ತೆಗೆದಾಗ ನನಗಾದ ಬೆರಗು ಇನ್ನೂ ನೆನಪಿದೆ. ನಿನ್ನೆ ಏನೂ ಇಲ್ಲದ ತಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಗುಲಾಬಿ ಚುಕ್ಕೆಗಳು. ಮ್ಯಾಕಾಂಕಿ ಎಂಬ ತಟ್ಟೆಯಲ್ಲಿ ಇ. ಕೊಲೈ ಹೀಗೆ ಗುಲಾಬಿಯಾಗಿ ಬೆಳೆಯುತ್ತದೆ. 100 ಚುಕ್ಕೆ ಇದ್ದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಎಂದು ಲೆಕ್ಕ. ಈ ಒಂದು ಲಕ್ಷದ ಗೆರೆಯನ್ನು 1956ರಲ್ಲಿ ಎಡ್ವರ್ಡ್ ಕಾಸ್ ಎಂಬ ಅಮೆರಿಕದ ವೈದ್ಯ ಹಾಕಿಕೊಟ್ಟರು. ತೊಂದರೆ ಸ್ಪಷ್ಟವಾಗಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಡಾಕ್ಟರು ಗಮನಕ್ಕೆ ತೆಗೆದುಕೊಳ್ಳುತ್ತಾರೆ. ಎರಡನೇ ದಿನ ಆ ಚುಕ್ಕೆಯನ್ನೇ ಇನ್ನೊಂದು ತಟ್ಟೆಗೆ ಹರಡಿ, ಔಷಧಿ ಹಚ್ಚಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಯಲು ಉಳಿಯುತ್ತದೆ. ಕೆಲಸ ಮಾಡದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ರಿಪೋರ್ಟಿನಲ್ಲಿ ಅದರ ಎದುರು "ಆರ್" ಎಂದು ಬರುತ್ತದೆ. ರೆಸಿಸ್ಟೆಂಟ್. ಈ ಔಷಧಿಗೆ ಈ ರೋಗಾಣು ಬಗ್ಗುವುದಿಲ್ಲ.

ಆ 9ನೇ ತರಗತಿ ಹುಡುಗಿಯ ರಿಪೋರ್ಟಿನಲ್ಲಿ ಅವಳು ನುಂಗಿದ್ದ ಮಾತ್ರೆಯ ಎದುರೂ "ಆರ್" ಇತ್ತು. ಒಂದೇ ಅಲ್ಲ, ಒಂದರ ಕೆಳಗೆ ಒಂದು. 14 ವರ್ಷದ ಮಗುವಿಗೆ.

ನಾನು ಕೆಲಸಕ್ಕೆ ಸೇರಿದಾಗ ಇಂಥ ರಿಪೋರ್ಟು ಹೆಚ್ಚಾಗಿ ಐಸಿಯುನಲ್ಲಿ ಬಹಳ ದಿನ ಮಲಗಿದವರದ್ದು ಇರುತ್ತಿತ್ತು. ಈಗ ಊರಿನಿಂದ ನಡೆದು ಬಂದವರದ್ದೂ ಹಾಗೇ ಬರುತ್ತದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳ ಲೆಕ್ಕ ಒಟ್ಟು ಮಾಡುತ್ತಿದೆ. ಸಾಮಾನ್ಯವಾಗಿ ಕೊಡುವ ಹಲವು ಆಂಟಿಬಯೋಟಿಕ್‌ಗಳಿಗೆ ಇ. ಕೊಲೈ ಬಗ್ಗದಿರುವುದನ್ನು ಅದರ ವರದಿಗಳೂ ಹೇಳುತ್ತಿವೆ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್‌1 ನಿಯಮ ಜಾರಿಯಲ್ಲಿದೆ. ಆ ಪಟ್ಟಿಯ ಆಂಟಿಬಯೋಟಿಕ್ ಕೊಡಲು ಡಾಕ್ಟರ ಚೀಟಿ ಬೇಕು, ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಕೇರಳ 2024ರಲ್ಲಿ "ಆಪರೇಷನ್ ಅಮೃತ್" ಎಂದು ಹೆಸರಿಟ್ಟು ಚೀಟಿ ಇಲ್ಲದೆ ಮಾರುವವರ ಮೇಲೆ ತಪಾಸಣೆ ಶುರುಮಾಡಿತು. ನಿಯಮ ನಮ್ಮಲ್ಲೂ ಅದೇ ಇದೆ. ನಿಮ್ಮ ಪೋಷಕರ ಸಭೆಯಲ್ಲಿ ದಯವಿಟ್ಟು ಒಂದು ಮಾತು ಹೇಳಿ: ಉರಿಗೆ ಮೆಡಿಕಲ್ ಶಾಪಿನ ಮಾತ್ರೆ ಬೇಡ. ಮೊದಲು ಮೂತ್ರ ಪರೀಕ್ಷೆಗೆ ಕೊಡಿ, ಆಮೇಲೆ ಮಾತ್ರೆ. ಒಂದು ಮಾತ್ರೆ ನುಂಗಿ ಬಂದರೂ ಕಲ್ಚರ್ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ಕಳ್ಳ ಒಳಗೇ ಇರುತ್ತಾನೆ, ಹೆಜ್ಜೆ ಗುರುತು ಮಾತ್ರ ಅಳಿಸಿರುತ್ತದೆ. ಡಾಕ್ಟರು ಎಷ್ಟು ದಿನ ಹೇಳಿದರೋ ಅಷ್ಟು ದಿನ ಮಾತ್ರೆ ತೆಗೆದುಕೊಳ್ಳಲಿ. ಉರಿ ನಿಂತಿತು ಎಂದು ಬಿಡುವುದು ಬೇಡ.

ಇಷ್ಟು ಓದಿ ಯಾರಾದರೂ "ಎಲ್ಲ ಮಕ್ಕಳಿಗೂ ಯೂರಿನ್ ಟೆಸ್ಟ್ ಕ್ಯಾಂಪ್ ಮಾಡಿಸೋಣ ಮೇಡಂ" ಎನ್ನಬಹುದು. ಹಿಂದೆ ಒಬ್ಬರು ದಾನಿಗಳು ಕೇಳಿದ್ದರು. ಬೇಡ. ಯಾವ ತೊಂದರೆಯೂ ಇಲ್ಲದ ಕೆಲವರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಅದಕ್ಕೆ ಔಷಧಿ ಕೊಟ್ಟರೆ ಲಾಭವಿಲ್ಲ, ರೆಸಿಸ್ಟೆನ್ಸ್ ಬೆಳೆಯುತ್ತದೆ ಅಷ್ಟೆ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಬೇಕು, ಚಿಕಿತ್ಸೆಯೂ ಬೇಕು. ಆ ದಾನಿಗಳಿಗೆ ನಾನು ಹೇಳಿದ್ದು, ಅದೇ ದುಡ್ಡಿನಲ್ಲಿ ಒಂದು ನೀರಿನ ಟ್ಯಾಂಕು, ನಾಲ್ಕು ಚಿಲಕ ಹಾಕಿಸಿಕೊಡಿ ಅಂತ.

2019ರಲ್ಲಿ ಕೇರಳದ ಶಾಲೆಗಳಲ್ಲಿ "ವಾಟರ್ ಬೆಲ್" ಶುರುವಾಯಿತು. ಗಂಟೆ ಹೊಡೆದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ನಮ್ಮ ರಾಜ್ಯದಲ್ಲೂ ಆಗ ಅದರ ಮಾತು ಬಂತು. ಒಳ್ಳೆಯ ವಿಚಾರ. ನೀರಿನಿಂದ ಲಾಭವಿದೆ ಎನ್ನುವುದಕ್ಕೆ ಆಧಾರವೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಾ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಿತು. ವರ್ಷದ ಕೊನೆಗೆ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದಿತ್ತು. ಇನ್ನೊಂದು ಗುಂಪಿಗೆ 3.2 ಸಲ. ಬರೀ ನೀರಿನಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಆ ಹೆಂಗಸರು ಕುಡಿದ ಮೇಲೆ ಹೋಗಲು ಜಾಗ ಇದ್ದವರು. ನಮ್ಮಲ್ಲಿ ನೀರಿನ ಗಂಟೆ ಹೊಡೆದು ಶೌಚಾಲಯಕ್ಕೆ ಬೀಗ ಹಾಕಿದರೆ, ಹುಡುಗಿಯರು ಬಾಟಲಿ ಬಾಯಿಗಿಟ್ಟು ಕುಡಿದ ಹಾಗೆ ಮಾಡುತ್ತಾರೆ. ನನಗೆ ಮಕ್ಕಳೇ ಹೇಳಿದ್ದಾರೆ.

ಬೀಗ ಯಾಕೆ ಹಾಕುತ್ತೀರಿ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ರಾತ್ರಿ ಹೊರಗಿನವರು ಬಂದು ಬಾಟಲಿ ಒಡೆದು ಹೋಗುತ್ತಾರೆ. ನಲ್ಲಿ ಕಿತ್ತುಕೊಂಡು ಹೋಗುತ್ತಾರೆ. ತೊಳೆಯಲು ಜನ ಇಲ್ಲ. ಬೋರ್‌ವೆಲ್ ಬತ್ತಿದೆ. ಮಕ್ಕಳ ಕೈಯಲ್ಲಿ ತೊಳೆಸಬಾರದು, ತೊಳೆಸಲೂ ಕೂಡದು. ಮುಖ್ಯ ಶಿಕ್ಷಕರ ಜೇಬಿನಿಂದಲೇ ಫಿನಾಯಿಲ್ ಬರುವ ಶಾಲೆಗಳನ್ನೂ ನಾನು ಬಲ್ಲೆ. ನಿಮ್ಮ ಮೇಲೆ ಸಿಟ್ಟಿನಿಂದ ಇದನ್ನು ಬರೆಯುತ್ತಿಲ್ಲ.

ಆದರೂ ಕಾನೂನು ಮಕ್ಕಳ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಲೇಬೇಕೆಂದಿದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳದ್ದು ಎಂದು ಯಾರಾದರೂ ಅಂದರೆ, 2012ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಿಗೂ ಇದನ್ನೇ ಹೇಳಿದೆ. 2014ರಿಂದ ಸ್ವಚ್ಛ ವಿದ್ಯಾಲಯದ ಹೆಸರಿನಲ್ಲಿ ಕಟ್ಟಡಗಳು ಎದ್ದವು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಲ್ಲಿ ಕನಿಷ್ಠ ನೂರಕ್ಕೆ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಅದು ಸಾಲದು ಎನ್ನುತ್ತೀರಿ, ನಿಜ. ಉಳಿದದ್ದಕ್ಕೆ ಪಂಚಾಯಿತಿಯನ್ನು ಕೇಳಬೇಕು. ಎಸ್‌ಡಿಎಂಸಿಯವರೇ, ನಿಮ್ಮ ಮನೆಯ ಹೆಣ್ಣುಮಕ್ಕಳೂ ಅದೇ ಶಾಲೆಯಲ್ಲಿದ್ದಾರೆ. ತೊಳೆಯುವವರ ಸಂಬಳ, ಟ್ಯಾಂಕರ್ ನೀರು, ಇವೆರಡರ ಅರ್ಜಿಗೆ ಮೊದಲ ಸಹಿ ನಿಮ್ಮದಿರಲಿ.

ನಾನು ಕೇಳುವುದು ದೊಡ್ಡದೇನಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬೀಗ ತೆಗೆದು ಸಂಜೆ ಕೊನೆಯ ಬಸ್ಸಿನ ಮಕ್ಕಳು ಹೋದ ಮೇಲೆ ಹಾಕಿ. ಕೀಲಿ ಒಬ್ಬ ಶಿಕ್ಷಕಿಯ ಹತ್ತಿರ ಇರಲಿ. ಒಳಗೆ ಚಿಲಕ, ಬಕೆಟ್, ಮಗ್ ಇರಲಿ. ಮುಚ್ಚಳ ಇರುವ ಕಸದ ಬುಟ್ಟಿಯೂ ಇರಲಿ. ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡುತ್ತೀರಿ, ಅದನ್ನು ಬದಲಿಸಲು ಒಂದು ಮೂಲೆ ಬೇಡವೇ? ಬಿಡುವನ್ನು ತರಗತಿವಾರು ಐದೈದು ನಿಮಿಷ ಹಿಂದೆ ಮುಂದೆ ಮಾಡಿ, ಸಾಲು ಕರಗುತ್ತದೆ. ಪಾಠದ ನಡುವೆ ಕೈ ಎತ್ತಿದ ಮಗುವನ್ನು ಯಾಕೆ ಎಂದು ಕೇಳದೆ ಕಳಿಸಿ. ನೆಪ ಹೇಳುವ ಒಬ್ಬಿಬ್ಬರು ಇರಬಹುದು, ಇರಲಿ ಬಿಡಿ. ಮಕ್ಕಳು ಮೂರು ನಾಲ್ಕು ಗಂಟೆಗೊಮ್ಮೆಯಾದರೂ ಹೋಗಬೇಕು. ಬಿಸಿಯೂಟದ ನಂತರ ಎಲ್ಲರೂ ಹೋಗಿ ಬರುವ ರೂಢಿ ಮಾಡಿಸಿ.

ಶಿಕ್ಷಕಿಯರಿಗೆ ಒಂದು ಮಾತು. ನಿಮ್ಮ ಸ್ಯಾಂಪಲ್ಲುಗಳನ್ನೂ ನಾನು ನೋಡಿದ್ದೇನೆ. ನೀವೂ ಬೆಳಿಗ್ಗೆ ಕಾಫಿ ಬಿಟ್ಟು, ನೀರು ಬಿಟ್ಟು ಬಸ್ಸು ಹತ್ತುವವರು. "ಅಭ್ಯಾಸ ಆಗಿದೆ ಮೇಡಂ" ಎಂದು ನಗುತ್ತೀರಿ. ಆ ಅಭ್ಯಾಸವನ್ನೇ ನಿಮ್ಮ ಹುಡುಗಿಯರು ನಿಮ್ಮಿಂದ ಕಲಿಯುತ್ತಿದ್ದಾರೆ.

ನನಗೆ ರಜೆ ಇರುವ ಶನಿವಾರಗಳಂದು ನಿಮ್ಮಲ್ಲಿ ಬೆಳಗಿನ ಶಾಲೆ ಇರುತ್ತದೆ. ಯಾವ ಶಾಲೆ ಕರೆದರೂ ಬರುತ್ತೇನೆ. ಬಸ್ ಚಾರ್ಜ್ ನನ್ನದೇ. ಒಂದು ಮೈಕ್ರೊಸ್ಕೋಪ್, ಸ್ಯಾಂಪಲ್ ಡಬ್ಬಿಗಳು, ತಟ್ಟೆಯಲ್ಲಿ ಬೆಳೆದ ಚುಕ್ಕೆಗಳ ಫೋಟೊ ತರುತ್ತೇನೆ. ಹುಡುಗಿಯರ ಜೊತೆ ಒಂದು ಗಂಟೆ ಕೂರಲು ಬಿಡಿ, ಗಂಡಸರು ಆ ಹೊತ್ತಿಗೆ ಹೊರಗಿದ್ದರೆ ಹುಡುಗಿಯರು ಬಾಯಿ ಬಿಡುತ್ತಾರೆ. ನನ್ನ ಊರಿನಿಂದ ನಿಮ್ಮಲ್ಲಿ ಹಲವರ ಶಾಲೆಗೆ ಒಂದೂವರೆ ಗಂಟೆಯ ದಾರಿ. ನಾನು ಮನೆಯಲ್ಲಿ ನೀರು ಕುಡಿದೇ ಬಸ್ಸು ಹತ್ತುತ್ತೇನೆ. ಬಂದು ಇಳಿದ ಕೂಡಲೇ ಹುಡುಗಿಯರ ಶೌಚಾಲಯ ಎಲ್ಲಿದೆ ಎಂದು ಕೇಳುತ್ತೇನೆ.

ಇಂತಿ ನಿಮ್ಮ,
ತಾಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್